ಪಿಯುಸಿ ಕಾಂಬಿನೇಷನ್ ಆರಿಸುವುದು ಹೇಗೆ: ಅರ್ಜಿ ತುಂಬುವ ಮೊದಲಿನ ಕೆಲಸಗಳು, ಮಾಡಬೇಕಾದ ಕ್ರಮದಲ್ಲೇ

"ಸಾರ್, ಪಿಸಿಎಂಸಿ ಸೀಟು ಇದೆಯಾ?" ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಪ್ರವೇಶದ ಮೇಜಿನ ಮುಂದೆ ನಿಂತವರು ಕೇಳುವ ಮೊದಲ ಪ್ರಶ್ನೆ ಇದು. ಪಿಸಿಎಂಸಿ ಅಂದರೆ ಭೌತ, ರಸಾಯನ, ಗಣಿತ, ಕಂಪ್ಯೂಟರ್ ಸೈನ್ಸ್ ಎಂಬ ನಾಲ್ಕು ವಿಷಯಗಳ ಗುಂಪು, ಅಂದರೆ ಕಾಂಬಿನೇಷನ್. ಯಾಕೆ ಪಿಸಿಎಂಸಿ ಅಂತ ಕೇಳಿದರೆ, "ಮುಂದೆ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮಾಡಬೇಕಲ್ಲ" ಅನ್ನುತ್ತಾರೆ. ಎಂಜಿನಿಯರಿಂಗ್‌ನಲ್ಲಿ ಆ ಶಾಖೆ ಸಿಗಲು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಬೇಕೆಂಬ ನಿಯಮವೇ ಇಲ್ಲ. ಇದನ್ನು ಹೇಳಿದಾಗ ತಂದೆ ಮಗಳ ಮುಖ ನೋಡುತ್ತಾರೆ, ಮಗಳು ಅಂಕಪಟ್ಟಿ ನೋಡುತ್ತಾಳೆ. ಹಿಂದಿನ ಸಾಲಿನಲ್ಲಿ ಇನ್ನೂ ನಲವತ್ತು ಜನ ಕಾಯುತ್ತಿರುತ್ತಾರೆ. ಅಲ್ಲಿ ನಿಂತು ಯೋಚಿಸಲು ಆಗುವುದಿಲ್ಲ.

ವರ್ಷ ವರ್ಷವೂ ನಡೆಯುವ ತಪ್ಪು ಹೆಚ್ಚಾಗಿ ಒಂದೇ, ಕ್ರಮದ ತಪ್ಪು. ಮೊದಲು ಕಾಲೇಜು ಗೊತ್ತು ಮಾಡುತ್ತಾರೆ, ಅಲ್ಲಿ ಉಳಿದಿರುವ ಕಾಂಬಿನೇಷನ್ ಹಿಡಿಯುತ್ತಾರೆ, ಆಮೇಲೆ ಅದರಿಂದ ಏನು ಓದಬಹುದು ಅಂತ ಹುಡುಕುತ್ತಾರೆ. ಇದನ್ನು ತಿರುಗಿಸಿ ಹಾಕಿದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಎಲ್ಲಕ್ಕಿಂತ ಕೊನೆಗೆ ಬರಬೇಕಾದದ್ದು ಕಾಲೇಜು.

ಕೂರುವ ಮೊದಲು ಕೈಯಲ್ಲಿರಬೇಕಾದದ್ದು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಒಂದು ಖಾಲಿ ನೋಟ್‌ಬುಕ್. ನಿಮ್ಮ ಪಟ್ಟಿಯಲ್ಲಿರುವ ವಿಷಯಗಳ ಪ್ರಥಮ ಪಿಯು ಪಠ್ಯಪುಸ್ತಕಗಳು. ವಿಜ್ಞಾನ ವಿಭಾಗದಲ್ಲಿ ನಡೆಯುವುದು ಎನ್‌ಸಿಇಆರ್‌ಟಿ ಪುಸ್ತಕಗಳೇ, ಅವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿಗೆ (ಎಂಜಿನಿಯರಿಂಗ್, ಕೃಷಿಯಂಥ ಕೋರ್ಸುಗಳ ರಾಜ್ಯದ ಪ್ರವೇಶ ಪರೀಕ್ಷೆ) ಹೊರಡಿಸುವ ಮಾಹಿತಿ ಪುಸ್ತಿಕೆಯ ಇತ್ತೀಚಿನ ಪ್ರತಿಯೂ ಬೇಕು. ಅದರಲ್ಲಿ ಅರ್ಹತೆಯ ಪುಟಗಳನ್ನು ಓದಿದರೆ ಸಾಕು. ಇವುಗಳ ಜೊತೆಗೆ, ಈಗ ದ್ವಿತೀಯ ಪಿಯು ಓದುತ್ತಿರುವ ಒಬ್ಬರ ಫೋನ್ ನಂಬರ್. ಟಾಪರ್ ಬೇಡ, ಶೇ 60-70ರ ಆಸುಪಾಸಿನಲ್ಲಿರುವವರಾದರೆ ಒಳ್ಳೆಯದು. ಕಷ್ಟ ಎಲ್ಲಿದೆ ಅಂತ ಸರಿಯಾಗಿ ಹೇಳುವವರು ಅವರು.

ಸಮಯ ಎರಡು ವಾರ ಬೇಕು. ಪರೀಕ್ಷೆ ಮುಗಿದು ಫಲಿತಾಂಶ ಬರುವ ನಡುವಿನ ದಿನಗಳು ಇದಕ್ಕೇ ಹೇಳಿ ಮಾಡಿಸಿದ್ದು. ಅಂಕಪಟ್ಟಿ ಬೇಕಾಗುವ ಹಂತ 2 ಮಾತ್ರ ಫಲಿತಾಂಶ ಬಂದ ಮೇಲೆ ಮಾಡಿ.

ಹಂತ 1: ಯಾವ ಬಾಗಿಲು ಮುಚ್ಚುತ್ತದೆ ಅಂತ ಬರೆಯಿರಿ

"ನಿನಗೆ ಏನಾಗಬೇಕು?" ಅಂತ ಹದಿನಾರು ವರ್ಷದವರನ್ನು ಕೇಳಿದರೆ ಪ್ರಾಮಾಣಿಕ ಉತ್ತರ "ಗೊತ್ತಿಲ್ಲ" ಎಂಬುದೇ. ಅದರಲ್ಲಿ ತಪ್ಪೇನಿಲ್ಲ. ಪ್ರಶ್ನೆಯನ್ನು ಬೇರೆ ಥರ ಕೇಳಿ: ಯಾವ ಬಾಗಿಲು ಮುಚ್ಚಿದರೆ ಎರಡು ವರ್ಷದ ನಂತರ ಹೊಟ್ಟೆ ಉರಿಯುತ್ತದೆ? ಅಂಥ ಮೂರನ್ನು ಬರೆಯಿರಿ. ಪ್ರತಿಯೊಂದರ ಎದುರಿಗೂ ಅದು ಕಡ್ಡಾಯವಾಗಿ ಕೇಳುವ ವಿಷಯಗಳನ್ನು ಬರೆಯಿರಿ.

ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ ಬೇಕೇ ಬೇಕು, ಜೊತೆಗೆ ಸಾಮಾನ್ಯವಾಗಿ ರಸಾಯನಶಾಸ್ತ್ರ. ಈ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಮೀಸಲು ವರ್ಗಗಳಿಗೆ ಶೇ 40 ಅಂಕ ಬಂದಿರಬೇಕು. ಎಂಬಿಬಿಎಸ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಜೊತೆ ಇಂಗ್ಲಿಷ್, ಮತ್ತು ನೀಟ್ ಎಂಬ ರಾಷ್ಟ್ರೀಯ ಪ್ರವೇಶ ಪರೀಕ್ಷೆ. ಗಣಿತ ಬೇಡ. ಕೃಷಿ ಬಿಎಸ್ಸಿಗೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕೂ ಬೇಕು. ಗಣಿತ ಬಿಟ್ಟವರು ಇಲ್ಲಿ ಎಡವುತ್ತಾರೆ. ಬಿ.ಫಾರ್ಮಾಗೆ ಭೌತ ಮತ್ತು ರಸಾಯನದ ಜೊತೆ ಜೀವಶಾಸ್ತ್ರ ಅಥವಾ ಗಣಿತ ಇದ್ದರಾಯಿತು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ಭೂಸೇನೆಗೆ ಯಾವ ವಿಭಾಗವಾದರೂ ನಡೆಯುತ್ತದೆ, ವಾಯುಪಡೆ ಮತ್ತು ನೌಕಾಪಡೆಗೆ ಭೌತ, ರಸಾಯನ, ಗಣಿತ ಬೇಕು.

ಯಾವ ವಿಭಾಗದವರಿಗೂ ತೆರೆದಿರುವ ಬಾಗಿಲುಗಳನ್ನು ಬೇರೆ ಪುಟದಲ್ಲಿ ಬರೆಯಿರಿ: ಸಿಎ ಫೌಂಡೇಶನ್ (ಚಾರ್ಟರ್ಡ್ ಅಕೌಂಟೆಂಟ್ ಆಗುವ ದಾರಿಯ ಮೊದಲ ಪರೀಕ್ಷೆ), ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಐದು ವರ್ಷದ ಕಾನೂನು, ಬಿಎ, ಪತ್ರಿಕೋದ್ಯಮ, ಪದವಿಯ ನಂತರ ಕೆಎಎಸ್ ಮತ್ತು ಯುಪಿಎಸ್‌ಸಿ. ಈ ಪುಟ ನೋಡಿದ ಮೇಲೆ "ಎಲ್ಲಕ್ಕೂ ದಾರಿ ಇರಲಿ ಅಂತ ಸೈನ್ಸ್" ಎಂಬ ವಾದ ಅರ್ಧ ಬಲ ಕಳೆದುಕೊಳ್ಳುತ್ತದೆ. ನಿಮ್ಮ ಮೂರೂ ಬಾಗಿಲುಗಳು ಈ ಎರಡನೇ ಪುಟದಲ್ಲೇ ಇದ್ದರೆ ವಿಜ್ಞಾನ ತೆಗೆದುಕೊಳ್ಳಲು ಬೇರೆ ಗಟ್ಟಿ ಕಾರಣ ಬೇಕು. ನೆಂಟರ ಬಾಯಿಗೆ ಹೆದರುವುದು ಗಟ್ಟಿ ಕಾರಣವಲ್ಲ.

ಒಂದು ಎಚ್ಚರಿಕೆ. ವಾಣಿಜ್ಯ ಮತ್ತು ಕಲಾ ವಿಭಾಗದಲ್ಲಿರುವ ಬೇಸಿಕ್ ಮ್ಯಾಥ್ಸ್ ಬೇರೆ, ವಿಜ್ಞಾನದ ಮ್ಯಾಥಮ್ಯಾಟಿಕ್ಸ್ ಬೇರೆ. ಯಾವುದಾದರೂ ಕೋರ್ಸಿನ ಅರ್ಹತೆಯಲ್ಲಿ "ಗಣಿತ" ಅಂತ ಇದ್ದರೆ ಬೇಸಿಕ್ ಮ್ಯಾಥ್ಸ್ ನಡೆಯುತ್ತದೆಯೇ ಅಂತ ಆ ಸಂಸ್ಥೆಯನ್ನೇ ಕೇಳಿ. ಹೊರ ರಾಜ್ಯಗಳಲ್ಲಿ ಅರ್ಥಶಾಸ್ತ್ರ ಆನರ್ಸ್ ಓದುವ ಆಸೆ ಇರುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ದೆಹಲಿ ವಿಶ್ವವಿದ್ಯಾಲಯದಂಥ ಕಡೆ ಅದಕ್ಕೆ 12ನೇ ತರಗತಿಯಲ್ಲಿ ಗಣಿತ ಓದಿರಲೇಬೇಕು.

ಹಂತ 2: ಅಂಕಪಟ್ಟಿಯನ್ನು ಬಿಡಿಸಿ ಓದಿ

625ಕ್ಕೆ 580 ಬಂದಿದೆ, ಆದ್ದರಿಂದ ಸೈನ್ಸ್. ಈ ಲೆಕ್ಕ ಹಾಕಬೇಡಿ. ಅದರಲ್ಲಿ ಮೂರು ಭಾಷೆ ಸೇರಿ 325 ಅಂಕ ಇದೆ. ಭಾಷೆಗಳನ್ನೂ ಸಮಾಜ ವಿಜ್ಞಾನವನ್ನೂ ಬದಿಗಿಟ್ಟು ಗಣಿತ, ವಿಜ್ಞಾನ ಎರಡನ್ನೇ ನೋಡಿ. ಅವುಗಳಲ್ಲೂ ತಲಾ 20 ಆಂತರಿಕ ಅಂಕ ಇರುತ್ತದೆ, ಅದು ಹೆಚ್ಚುಕಡಿಮೆ ಎಲ್ಲರಿಗೂ ಪೂರ್ತಿ ಬರುತ್ತದೆ. ಹಾಗಾಗಿ ಗಣಿತದಲ್ಲಿ 78 ಅಂದರೆ ಬರವಣಿಗೆಯಲ್ಲಿ 80ಕ್ಕೆ 58.

ಆ 58 ಎಲ್ಲಿಂದ ಬಂತು ಅಂತಲೂ ನೋಡಿ. ಪ್ರಮೇಯದ ಸಾಧನೆ, ನಕ್ಷೆಯ ಮೂಲಕ ಸಮೀಕರಣ ಬಿಡಿಸುವುದು, ಇವು ಅಭ್ಯಾಸಬಲದಿಂದ ಬರುವ ಅಂಕಗಳು. ತಿರುಚಿ ಕೇಳಿದ ಲೆಕ್ಕಗಳನ್ನು ಬಿಡಿಸಿದ್ದೀರಾ, ಬಿಟ್ಟಿದ್ದೀರಾ? ಪ್ರಥಮ ಪಿಯುನಲ್ಲಿ ಬಾಯಿಪಾಠ ಕೈ ಹಿಡಿಯುವುದು ಬಹಳ ಕಡಿಮೆ.

ಹಂತ 3: ಹತ್ತು ದಿನ ಪುಸ್ತಕದ ಜೊತೆ ಕೂತು ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ಆಪ್ಟಿಟ್ಯೂಡ್ ಟೆಸ್ಟ್ ಎಂದು ದುಡ್ಡು ಕೊಟ್ಟು ಬಣ್ಣದ ವರದಿ ತರುವುದಕ್ಕಿಂತ ಇದು ನಿಜ ಹೇಳುತ್ತದೆ ಅಂತ ನನ್ನ ಅಭಿಪ್ರಾಯ.

ದಿನಕ್ಕೆ ಎರಡು ಗಂಟೆ ಸಾಕು. ಗಣಿತದಲ್ಲಿ ಮೂರನೇ ಅಧ್ಯಾಯ ತ್ರಿಕೋನಮಿತಿ ತೆಗೆಯಿರಿ. ಮೊದಲನೆಯದಾದ ಗಣಗಳ ಅಧ್ಯಾಯ ಬೇಡ, ಅದು ಸುಲಭವಾಗಿದ್ದು ದಾರಿ ತಪ್ಪಿಸುತ್ತದೆ. ರಸಾಯನಶಾಸ್ತ್ರದಲ್ಲಿ ಮೊದಲ ಅಧ್ಯಾಯದ ಮೋಲ್ ಪರಿಕಲ್ಪನೆ. ಭೌತಶಾಸ್ತ್ರದಲ್ಲಿ ಸಮತಲದಲ್ಲಿ ಚಲನೆ, ಅಂದರೆ ಸದಿಶಗಳು (ವೆಕ್ಟರ್) ಬರುವ ಪಾಠ. ಜೀವಶಾಸ್ತ್ರದಲ್ಲಿ ಜೀವಿಗಳ ವರ್ಗೀಕರಣ. ವಾಣಿಜ್ಯದ ಯೋಚನೆ ಇದ್ದರೆ ಲೆಕ್ಕಶಾಸ್ತ್ರದ ಜರ್ನಲ್ ನಮೂದುಗಳು. ಕಲಾ ವಿಭಾಗಕ್ಕೆ ಇತಿಹಾಸ ಮತ್ತು ರಾಜ್ಯಶಾಸ್ತ್ರದ ಒಂದೊಂದು ಪಾಠ ಓದಿ, ಪುಸ್ತಕ ಮುಚ್ಚಿ ಎರಡು ಪುಟ ಸ್ವಂತ ಮಾತಿನಲ್ಲಿ ಬರೆಯಿರಿ.

ಏನನ್ನು ಗಮನಿಸಬೇಕು ಅಂತ ಒಂದು ಉದಾಹರಣೆ ಕೊಡುತ್ತೇನೆ. ಸೈನ್ 15 ಡಿಗ್ರಿಯ ಬೆಲೆ ಕಂಡುಹಿಡಿ ಅಂತ ಕೊಟ್ಟರೆ ಹೊಸಬರು 15 ಅಂದರೆ 45ರಿಂದ 30 ಕಳೆದದ್ದು ಅಂತ ಸರಿಯಾಗಿ ಶುರು ಮಾಡಿ, ಸೈನ್ 45ರಿಂದ ಸೈನ್ 30 ಕಳೆದುಬಿಡುತ್ತಾರೆ. 0.707ರಿಂದ 0.5 ಕಳೆದು 0.207 ಅನ್ನುತ್ತಾರೆ. ಸರಿಯಾದ ಉತ್ತರ ಸುಮಾರು 0.259. ಈ ತಪ್ಪು ಮಾಡಿದರೆ ಗಾಬರಿ ಬೇಡ, ನಮ್ಮ ತರಗತಿಯಲ್ಲಿ ಅರ್ಧ ಜನ ಮಾಡುತ್ತಾರೆ. ತಪ್ಪು ಅಂತ ಗೊತ್ತಾದ ಮೇಲೆ ಕೈ ಏನು ಮಾಡುತ್ತದೆ ಅನ್ನುವುದನ್ನು ನೋಡಿ. "ಯಾಕೆ ಹೀಗಾಯ್ತು" ಅಂತ ಹಿಂದಿನ ಪುಟಕ್ಕೆ ಹೋಗಿ ಸೂತ್ರ ಎಲ್ಲಿಂದ ಬಂತು ಅಂತ ಹುಡುಕಿದರೆ ಗಣಿತ ತೆಗೆದುಕೊಳ್ಳಬಹುದು. ನೇರವಾಗಿ ಉತ್ತರದ ಪುಟ ತಿರುವಿ, ಅದನ್ನು ಇಳಿಸಿಕೊಂಡು ಮುಂದಿನ ಲೆಕ್ಕಕ್ಕೆ ಹಾರಿದರೆ ಎಚ್ಚರ.

ಮೋಲ್‌ಗೂ ಅಷ್ಟೇ. 18 ಗ್ರಾಂ ನೀರು ಒಂದು ಮೋಲ್, ಅದರಲ್ಲಿ 6.022 × 10²³ ಅಣುಗಳು ಅಂತ ಓದಿದ ಮೇಲೆ ಪುಸ್ತಕ ಮುಚ್ಚಿ 9 ಗ್ರಾಂ ನೀರಿನಲ್ಲಿ ಎಷ್ಟು ಅಣು ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಸೂತ್ರ ಹುಡುಕದೆ "ಅದರ ಅರ್ಧ" ಅಂತ ಹೊಳೆಯಿತೇ? ಲೆಕ್ಕಶಾಸ್ತ್ರದಲ್ಲಿ, ಅಂಗಡಿಗೆ 5,000 ರೂಪಾಯಿ ನಗದಿಗೆ ಮೇಜು ಕೊಂಡರೆ ಖರೀದಿ ಖಾತೆಗೆ ಡೆಬಿಟ್ ಮಾಡುವುದು ಮಾಮೂಲಿ ತಪ್ಪು. ಮಾರಲು ತಂದ ಸರಕಷ್ಟೇ ಖರೀದಿ ಖಾತೆಗೆ ಹೋಗುತ್ತದೆ, ಮೇಜು ಪೀಠೋಪಕರಣದ ಖಾತೆಗೆ. ಈ ವ್ಯತ್ಯಾಸ ಓದಿ "ಹೌದಲ್ಲ!" ಅನ್ನಿಸಿದವರಿಗೆ ವಾಣಿಜ್ಯ ಬೇಜಾರಾಗುವುದಿಲ್ಲ.

ಪ್ರತಿದಿನ ಮುಗಿದ ಮೇಲೆ ನೋಟ್‌ಬುಕ್‌ನಲ್ಲಿ ಎರಡೇ ಸಾಲು: ಎಷ್ಟು ನಿಮಿಷ ಫೋನ್ ಮುಟ್ಟದೆ ಕೂತೆ, ಎಲ್ಲಿ ಸಿಕ್ಕಿಬಿದ್ದೆ. ಹತ್ತನೇ ದಿನ ತಂದೆ ತಾಯಿ ಜೊತೆ ಕೂತು ಓದಿ. ಅವರ ವಾದಕ್ಕಿಂತ, ನಿಮ್ಮ ವಾದಕ್ಕಿಂತ ಆ ಇಪ್ಪತ್ತು ಸಾಲು ಹೆಚ್ಚು ಮಾತಾಡುತ್ತವೆ.

ಹಂತ 4: ನಾಲ್ಕನೇ ವಿಷಯಕ್ಕೆ ಪ್ರತ್ಯೇಕ ತೀರ್ಮಾನ

ಪಿಯುನಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ನಾಲ್ಕರಲ್ಲಿ ಮೂರು ಹೆಚ್ಚುಕಡಿಮೆ ವಿಭಾಗದ ಜೊತೆಗೇ ಬರುತ್ತವೆ. ನಿಜವಾದ ಆಯ್ಕೆ ಇರುವುದು ನಾಲ್ಕನೆಯದರಲ್ಲಿ, ಅದನ್ನೇ ಜನ ಕೌಂಟರಿನಲ್ಲಿ ನಿಂತು ನಿರ್ಧರಿಸುತ್ತಾರೆ.

ವಿಜ್ಞಾನದಲ್ಲಿ ಜೀವಶಾಸ್ತ್ರ ತೆಗೆದುಕೊಂಡರೆ ಪಿಸಿಎಂಬಿ. ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ ಮೂರೂ ತೆರೆದಿರುತ್ತವೆ. ಅದಕ್ಕೆ ತೆರಬೇಕಾದ ಬೆಲೆ ಓದಿನ ಪ್ರಮಾಣ. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ, ಅಲ್ಲಿ ಸಾಲು ಸಾಲು ಓದಿ ನೆನಪಿಡಬೇಕು. ನೀಟ್ ಬರೆಯುವ ಯೋಚನೆ ಕನಸಿನಲ್ಲೂ ಇಲ್ಲ, ರೇಖಾಚಿತ್ರ ಕಂಡರೆ ಆಗದು ಅನ್ನುವವರು "ಇರಲಿ ಬಿಡು" ಅಂತ ಜೀವಶಾಸ್ತ್ರ ಹೊರಬೇಕಿಲ್ಲ. ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಸಂಖ್ಯಾಶಾಸ್ತ್ರ, ಯಾವುದಾದರೂ ನಡೆಯುತ್ತದೆ. ಸಿಇಟಿಯ ಎಂಜಿನಿಯರಿಂಗ್ ರ್‍ಯಾಂಕಿಗೆ ಲೆಕ್ಕಕ್ಕೆ ಬರುವುದು ಭೌತ, ರಸಾಯನ, ಗಣಿತದ ಅಂಕಗಳು. ನಾಲ್ಕನೆಯದು ಆ ಮೂರಕ್ಕೆ ಸಮಯ ಬಿಟ್ಟುಕೊಡುವಂತಿರಬೇಕು, ಅಷ್ಟೆ.

ಪಿಸಿಎಂಸಿ ತೆಗೆದುಕೊಂಡು ಆಮೇಲೆ ಮನಸ್ಸು ವೈದ್ಯಕೀಯದ ಕಡೆ ತಿರುಗಿದರೆ? 2023ರ ನವೆಂಬರಿನಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ, 12ನೇ ತರಗತಿ ಮುಗಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮಾನ್ಯ ಮಂಡಳಿಯಿಂದ ಪಾಸು ಮಾಡಿದವರಿಗೂ ನೀಟ್ ಬರೆಯಲು ಅವಕಾಶ ಕೊಟ್ಟಿದೆ. ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ಸಾಮಾನ್ಯವಾಗಿ ಒಂದು ವರ್ಷ ಕೈ ಬಿಟ್ಟು ಹೋಗುತ್ತದೆ.

ವಾಣಿಜ್ಯದಲ್ಲಿ ಇತಿಹಾಸ ಇರುವ ಹೆಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) "ಸುಲಭ" ಅಂತ ಹೆಸರುವಾಸಿ. ಸಿಎ ಕಡೆ ಕಣ್ಣಿದ್ದರೆ ಸಂಖ್ಯಾಶಾಸ್ತ್ರದ ಎಸ್‌ಇಬಿಎ ಅಥವಾ ಬೇಸಿಕ್ ಮ್ಯಾಥ್ಸ್ ನೋಡಿ. ಸಿಎ ಫೌಂಡೇಶನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ ವ್ಯವಹಾರ ಗಣಿತ, ತಾರ್ಕಿಕತೆ ಮತ್ತು ಸಂಖ್ಯಾಶಾಸ್ತ್ರದ್ದು, ಅದರಲ್ಲಿ ತಪ್ಪು ಉತ್ತರಕ್ಕೆ ಅಂಕವೂ ಕಳೆಯುತ್ತದೆ. ವಾಣಿಜ್ಯದವರಲ್ಲಿ ಹಲವರು ಎಡವುವುದು ಅಲ್ಲೇ.

ಕಲಾ ವಿಭಾಗದಲ್ಲಿ ಹೆಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಹೆಚ್ಚುಕಡಿಮೆ ಎಲ್ಲೆಡೆ ಸಿಗುತ್ತದೆ. ಮನಃಶಾಸ್ತ್ರ, ಭೂಗೋಳ, ಐಚ್ಛಿಕ ಕನ್ನಡ ಸಿಗುವ ಕಾಲೇಜು ಕಡಿಮೆ. ಇವುಗಳಲ್ಲಿ ಒಂದು ನಿಜಕ್ಕೂ ಬೇಕಿದ್ದರೆ ಹುಡುಕಾಟ ಬೇಗ ಶುರು ಮಾಡಿ.

ಹಂತ 5: ಭಾಷೆ

ಒಂದು ಇಂಗ್ಲಿಷ್, ಇನ್ನೊಂದು ಕನ್ನಡ, ಸಂಸ್ಕೃತ, ಹಿಂದಿ ಹೀಗೆ. "ಸಂಸ್ಕೃತದಲ್ಲಿ ನೂರಕ್ಕೆ ನೂರು" ಎಂಬ ಮಾತಿಗೆ ಬಿದ್ದು ಅಕ್ಷರವೇ ಪರಿಚಯವಿಲ್ಲದವರು ಸೇರುವುದನ್ನು ನೋಡಿದ್ದೇನೆ. ಸಿಇಟಿ ರ್‍ಯಾಂಕಿಗೆ ಭಾಷೆಯ ಅಂಕ ಸೇರುವುದಿಲ್ಲ. ಜೆಇಇ ಮೇನ್ ಪ್ರವೇಶ ಪರೀಕ್ಷೆಯ ಮೂಲಕ ಸೇರುವ ಕೇಂದ್ರದ ಎಂಜಿನಿಯರಿಂಗ್ ಕಾಲೇಜುಗಳಾದ ಎನ್‌ಐಟಿಗಳಲ್ಲಿ 12ನೇ ತರಗತಿಯ ಶೇ 75, ಪರಿಶಿಷ್ಟರಿಗೆ ಶೇ 65 ಎಂಬ ಷರತ್ತಿನ ಲೆಕ್ಕದಲ್ಲಿ ಭಾಷೆ ಬರುತ್ತದೆ ನಿಜ, ಅದಕ್ಕೆ ಚೆನ್ನಾಗಿ ಓದಿದ ಕನ್ನಡವೂ ಸಾಕು.

ಹಂತ 6: ಈಗ ಕಾಲೇಜು

ಮೊದಲು ಕೈಯಲ್ಲಿ ಗಡಿಯಾರ ಹಿಡಿದು ಲೆಕ್ಕ ಹಾಕಿ. ವಿಜ್ಞಾನದವರಿಗೆ ಲ್ಯಾಬ್ ಸಂಜೆ ನಾಲ್ಕೂವರೆಗೆ ಮುಗಿದು, ನಿಮ್ಮೂರಿನ ಬಸ್ಸು ನಾಲ್ಕೂ ಕಾಲಿಗೇ ಹೊರಟರೆ, ಮುಂದಿನದು ಆರಕ್ಕೆ ಇದ್ದರೆ, ಮನೆಗೆ ಬಂದು ಕೂರುವುದು ಏಳೂವರೆಗೆ. ಹಾಜರಾತಿ ಶೇ 75 ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ, ಹಾಗಾಗಿ ಲ್ಯಾಬ್ ತಪ್ಪಿಸುವ ಮಾತೂ ಇಲ್ಲ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವವರು "ದೊಡ್ಡ ಕಾಲೇಜು" ಬಿಟ್ಟು ಹತ್ತಿರದ ಸರ್ಕಾರಿ ಕಾಲೇಜು ಸೇರಿದರೆ ಹಲವು ಸಲ ಲಾಭವೇ.

ಕಾಲೇಜಿಗೆ ಹೋದಾಗ ಈ ಪ್ರಶ್ನೆಗಳನ್ನು ಕೇಳಿ: ನಾಲ್ಕೂ ವಿಷಯಕ್ಕೆ ಈಗ ಉಪನ್ಯಾಸಕರು ಇದ್ದಾರೆಯೇ, "ಬರ್ತಾರೆ" ಅನ್ನುತ್ತಾರೆಯೇ? ಲ್ಯಾಬ್ ತೋರಿಸಿ ಅಂದರೆ ತೋರಿಸುತ್ತಾರೆಯೇ? ಬೀಗದ ಕೀಲಿ ಹುಡುಕಲು ಇಪ್ಪತ್ತು ನಿಮಿಷ ಹಿಡಿದರೆ ಅರ್ಥ ಮಾಡಿಕೊಳ್ಳಿ. ಕೋಚಿಂಗ್, ಹಾಸ್ಟೆಲ್, ಪುಸ್ತಕ ಸೇರಿ ಎರಡೂ ವರ್ಷದ ಶುಲ್ಕ ಎಷ್ಟು, ಬರವಣಿಗೆಯಲ್ಲಿ ಕೊಡುತ್ತಾರೆಯೇ? ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು?

ಪಿಯು ಪಾಠದ ಜೊತೆಗೇ ಪ್ರವೇಶ ಪರೀಕ್ಷೆಯ ಕೋಚಿಂಗ್ ಕೊಡುವ ಇಂಟಿಗ್ರೇಟೆಡ್ ತರಗತಿಗಳ ಬಗ್ಗೆ ಒಂದು ಲೆಕ್ಕ. ಸಿಇಟಿ ಎಂಜಿನಿಯರಿಂಗ್ ರ್‍ಯಾಂಕಿನಲ್ಲಿ ಅರ್ಧ ತೂಕ ದ್ವಿತೀಯ ಪಿಯು ಅಂಕಕ್ಕೆ, ಅರ್ಧ ಸಿಇಟಿ ಅಂಕಕ್ಕೆ. ಪಿಯುನಲ್ಲಿ ಮೂರು ವಿಷಯ ಸೇರಿ ಶೇ 90, ಸಿಇಟಿಯಲ್ಲಿ 180ಕ್ಕೆ 90 ತೆಗೆದವರಿಗೆ ಒಟ್ಟು 70. ಸಿಇಟಿಯಲ್ಲಿ 108 ತೆಗೆದು ಪಿಯುನಲ್ಲಿ ಶೇ 70ಕ್ಕೆ ಇಳಿದವರಿಗೆ 65. ಬೋರ್ಡ್ ಪಾಠವನ್ನು "ಕೊನೆಯ ಎರಡು ತಿಂಗಳು ನೋಡೋಣ" ಅನ್ನುವ ಕಡೆ ಈ ಲೆಕ್ಕ ತೋರಿಸಿ, ಏನು ಉತ್ತರ ಕೊಡುತ್ತಾರೆ ಕೇಳಿ. ನೀಟ್‌ನಲ್ಲಿ ಹಾಗಲ್ಲ, ಅಲ್ಲಿ ಪಿಯು ಅಂಕ ಅರ್ಹತೆಗಷ್ಟೇ: ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಕ್ಕೆ ಶೇ 40.

ಪಿಯುಸಿಯೇ ಬೇಡ, ಕೈಕೆಲಸದ ಕಡೆ ಒಲವು ಅನ್ನುವವರಿಗೆ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ.

ಹಂತ 7: ಅರ್ಜಿಯ ದಿನ

ಚೀಟಿಯಲ್ಲಿ ಎರಡು ಕಾಂಬಿನೇಷನ್ ಬರೆದುಕೊಂಡು ಹೋಗಿ: ಮೊದಲ ಆಯ್ಕೆ, ಎರಡನೇ ಆಯ್ಕೆ. ಎರಡೂ ಸಿಗದಿದ್ದರೆ ಅಲ್ಲಿ ಸಹಿ ಹಾಕಬೇಡಿ, ಮನೆಗೆ ಬನ್ನಿ. "ಈಗ ಇದು ತಗೊಳ್ಳಿ, ಆಮೇಲೆ ಬದಲಾಯಿಸಿ ಕೊಡ್ತೀವಿ" ಎಂಬುದು ಬಾಯಿಮಾತಾದರೆ ನಂಬಬೇಡಿ. ಒಮ್ಮೆ ಹೀಗೆ ನಂಬಿ ಎಲೆಕ್ಟ್ರಾನಿಕ್ಸ್ ಸೇರಿದ ನಮ್ಮ ಮನೆಯದೇ ಹುಡುಗ ಎರಡೂ ವರ್ಷ ಅದನ್ನೇ ಓದಿದ. ಅರ್ಜಿಯ ನಕಲು ಕೈಗೆ ಬಂದಾಗ ವಿಷಯ, ಭಾಷೆ, ಮಾಧ್ಯಮ ಮೂರನ್ನೂ ಅಕ್ಷರ ಅಕ್ಷರ ಓದಿ.

ಹಂತ 8: ಸೇರಿದ ಮೇಲಿನ ಮೂರು ತಿಂಗಳು

ಮೊದಲ ತಿಂಗಳು ಎಲ್ಲರೂ ಕುಸಿಯುತ್ತಾರೆ. ಅದಕ್ಕೆ ಒಂದು ಕಾರಣ ಪಠ್ಯಕ್ರಮದಲ್ಲೇ ಇದೆ. ಭೌತಶಾಸ್ತ್ರದ ಚಲನೆಯ ಪಾಠಕ್ಕೆ ಅವಕಲನ (ಡಿಫರೆನ್ಷಿಯೇಷನ್) ಬೇಕು, ಗಣಿತದಲ್ಲಿ ಅದು ಬರುವುದು ಪುಸ್ತಕದ ಕೊನೆಯ ಕಡೆಗೆ. ಸದಿಶಗಳು ಗಣಿತದಲ್ಲಿ ಬರುವುದಂತೂ ದ್ವಿತೀಯ ಪಿಯುನಲ್ಲಿ. ಅಂದರೆ ಉಪಕರಣ ಕೈಗೆ ಬರುವ ಮೊದಲೇ ಕೆಲಸ ಕೊಡುತ್ತಾರೆ. ಜುಲೈನಲ್ಲಿ ಭೌತಶಾಸ್ತ್ರ ಅರ್ಥವಾಗದಿದ್ದರೆ ಕಾಂಬಿನೇಷನ್ ತಪ್ಪಾಯಿತು ಅಂತಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಪರೀಕ್ಷೆ. ಅರ್ಥವಾಗದ ಪಾಠವನ್ನು ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ. ಸಲೀಸಾಗಿ ಹೇಳಲು ಬಂದರೆ ತೊಂದರೆ ಇಂಗ್ಲಿಷಿನದು, ವಿಷಯದ್ದಲ್ಲ. ಪದಗಳ ಪಟ್ಟಿ ಗೋಡೆಗೆ ಅಂಟಿಸಿ, ಅಕ್ಟೋಬರ್ ಹೊತ್ತಿಗೆ ಸರಿಹೋಗುತ್ತದೆ. ನೀಟ್ ಮತ್ತು ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಕನ್ನಡದಲ್ಲೂ ಹೇಳಲು ಬಾರದಿದ್ದರೆ ವಿಷಯದ ಉಪನ್ಯಾಸಕರ ಬಳಿ ಆ ವಾರವೇ ಹೋಗಿ.

ನಿಜವಾದ ಅಪಾಯದ ಚಿಹ್ನೆಗಳು ಬೇರೆ. ಲ್ಯಾಬ್ ರೆಕಾರ್ಡ್ ಪೂರ್ತಿ ಪಕ್ಕದವರದನ್ನು ನೋಡಿ ಬರೆದದ್ದು. ಒಂದು ವಿಷಯದ ಪುಸ್ತಕ ವಾರಗಟ್ಟಲೆ ಚೀಲದಿಂದ ಹೊರಗೇ ಬಾರದಿರುವುದು. ಭಾನುವಾರ ಸಂಜೆ ತಲೆನೋವು, ಹೊಟ್ಟೆನೋವು ಮಾಮೂಲಾಗುವುದು. ಮೊದಲೆರಡು ಕಿರುಪರೀಕ್ಷೆಯಲ್ಲಿ ಅದೇ ವಿಷಯಗಳಲ್ಲಿ ಕಾಲುಭಾಗ ಅಂಕವೂ ಬಾರದೆ, ಎರಡನೆಯದರಲ್ಲಿ ಇನ್ನೂ ಇಳಿದಿರುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ದಸರಾ ರಜೆವರೆಗೆ ಕಾಯಬೇಡಿ.

ಬದಲಾವಣೆ ಸುಲಭವಾಗಿ ಆಗುವುದು ಪ್ರಥಮ ಪಿಯು ಶುರುವಾದ ಆರಂಭದ ವಾರಗಳಲ್ಲಿ, ಅದೇ ಕಾಲೇಜಿನಲ್ಲಿ ಸೀಟು ಖಾಲಿ ಇದ್ದಾಗ. ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಸ್ವೀಕರಿಸಿದ್ದಕ್ಕೆ ನಕಲಿನ ಮೇಲೆ ಸಹಿ ಮಾಡಿಸಿಕೊಳ್ಳಿ. ನಾಲ್ಕನೇ ವಿಷಯ ಮಾತ್ರ ಬದಲಿಸುವುದಾದರೆ ತಪ್ಪಿದ ಪಾಠ ಒಂದರದ್ದೇ, ಮೂರು ವಾರದಲ್ಲಿ ಹಿಡಿಯಬಹುದು. ವಿಭಾಗವನ್ನೇ ಬದಲಿಸುವುದಾದರೆ ಅರ್ಜಿ ಕೊಡುವ ಮೊದಲು ಹಂತ 3ರ ಹತ್ತು ದಿನಗಳನ್ನು ಹೊಸ ಪುಸ್ತಕಗಳ ಜೊತೆ ಮತ್ತೆ ಮಾಡಿ. ವಿಜ್ಞಾನ ಬಿಟ್ಟು ಓಡುವ ಅವಸರದಲ್ಲಿ ಲೆಕ್ಕಶಾಸ್ತ್ರದ ಪುಸ್ತಕ ಒಮ್ಮೆಯೂ ತೆರೆಯದೆ ಬಂದು ನಿಂತವರು, ಡೆಬಿಟ್ ಯಾವ ಕಡೆ ಅಂತ ತಿಳಿಯದೆ ಅದೇ ವರ್ಷ ಎರಡನೇ ಅರ್ಜಿ ಹಿಡಿದು ಬಂದದ್ದುಂಟು.